ಚೆಂಡು ಎಲ್ಲಿಂದ ಬಂತು?

ನೀತಿಕಥೆ ಎಂದ ಕೂಡಲೆ ನಮಗೆಲ್ಲ ನೆನಪಾಗುವುದು ನರಿ, ಕಾಗೆ, ಮೊಸಳೆ, ಮೊಲ. ಪಂಚತಂತ್ರದ ಕಾಲದಿಂದ ಈ ಪ್ರಾಣಿಗಳು ನಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತ ಬಂದಿವೆ. ಆದರೆ ಪೇಟೆಯಲ್ಲಿ ಬೆಳೆದ ಈಗಿನ ಮಕ್ಕಳು ನರಿಯನ್ನು ಕಂಡವರಲ್ಲ. ಮೊಸಳೆಯ ಬೆನ್ನ ಮೇಲೆ ಕುಳಿತ ಕೋತಿಯ ಕಥೆ ಹೇಳಲು ಹೊರಟರೆ ಎಂಟನೆಯ ತರಗತಿಯ ಹುಡುಗರು ಆಕಳಿಸುತ್ತಾರೆ. ಅದೇ ಹುಡುಗರು ವಿಶ್ವಕಪ್ ಫುಟ್‌ಬಾಲ್ ನಡೆಯುವ ತಿಂಗಳಲ್ಲಿ ಅಪರಾತ್ರಿಯವರೆಗೆ ಎಚ್ಚರವಿದ್ದು, ಬೆಳಗ್ಗೆ ಕೆಂಪು ಕಣ್ಣು ಮಾಡಿಕೊಂಡು ಶಾಲೆಗೆ ಬಂದು, ಯಾರ ತಪ್ಪಿನಿಂದ ಯಾರು ಸೋತರೆಂದು ವಾದಕ್ಕಿಳಿಯುತ್ತಾರೆ. ಹೀಗಾಗಿ ನೀತಿಪಾಠದ ಪೀರಿಯಡ್ಡಿಗೆಂದು ನಾನು ಒಂದೆರಡು ಫುಟ್‌ಬಾಲ್ ಕಥೆಗಳನ್ನು ಕಟ್ಟಿಕೊಂಡೆ. ಕಾಗೆ ನರಿಗಳ ಜಾಗದಲ್ಲಿ ಆಟಗಾರರು, ನಡುವೆ ಮಾತು ಬರುವ ಒಂದು ಚೆಂಡು, ಇಷ್ಟೇ ಬದಲಾವಣೆ. ಕಥೆಗಳು ಕಲ್ಪನೆಯವೇ. ಅವು ಕೇಳುವ ಪ್ರಶ್ನೆ ಮಾತ್ರ ನಮ್ಮ ಮನೆಗಳಲ್ಲಿ ದಿನಬೆಳಗಾದರೆ ಏಳುವಂಥದು: ತಪ್ಪು ಯಾರದು?

ಕಾಲಲ್ಲಿ ಒದೆಯುವ ಚೆಂಡಿಗೂ ಧರ್ಮಾಧರ್ಮಗಳ ವಿಚಾರಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. 1957ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ಪಡೆದ ಆಲ್ಬೆರ್ ಕಮೂ ಎಂಬ ಫ್ರೆಂಚ್ ಲೇಖಕ, ಮನುಷ್ಯನ ನಡತೆ ಮತ್ತು ಕರ್ತವ್ಯಗಳ ಬಗ್ಗೆ ತಾನು ಖಚಿತವಾಗಿ ಬಲ್ಲದ್ದನ್ನೆಲ್ಲ ಫುಟ್‌ಬಾಲ್‌ನಿಂದಲೇ ಕಲಿತೆ ಎಂಬರ್ಥದ ಮಾತು ಬರೆದಿದ್ದಾನೆ. ಕಮೂ ಹುಟ್ಟಿದ್ದು 1913ರಲ್ಲಿ, ಉತ್ತರ ಆಫ್ರಿಕಾದ ಅಲ್ಜೀರಿಯಾದಲ್ಲಿ. ತಂದೆ ಯುದ್ಧದಲ್ಲಿ ಸತ್ತ. ತಾಯಿ ಪರರ ಮನೆಗಳಲ್ಲಿ ಕಸಮುಸುರೆ ಮಾಡಿ ಮಗನನ್ನು ಸಾಕಿದಳು. ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು. ಶಾಲೆಯ ಸಿಮೆಂಟಿನ ಅಂಗಳದಲ್ಲಿ ಚೆಂಡಾಡಿದರೆ ಬೂಟು ಸವೆಯುತ್ತದೆಂದು ಆಕೆ ಸಂಜೆಯಾದೊಡನೆ ಮೊಮ್ಮಗನ ಬೂಟಿನ ಅಟ್ಟೆಯನ್ನು ತಿರುವಿ ನೋಡುತ್ತಿದ್ದಳಂತೆ. ತನ್ನ ಬಾಲ್ಯವನ್ನೇ ಹೆಣೆದು ಬರೆದ, ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ 1994ರಲ್ಲಿ ಅಚ್ಚಾದ ಕಾದಂಬರಿಯಲ್ಲಿ ಈ ಅಜ್ಜಿ ಬರುತ್ತಾಳೆ. ನಮ್ಮ ಅಜ್ಜಿಯಂದಿರಿಗೂ ಆಕೆಗೂ ಏನೂ ವ್ಯತ್ಯಾಸ ಕಾಣುವುದಿಲ್ಲ! ಮುಂದೆ ಕಮೂ ಅಲ್ಜಿಯರ್ಸ್ ನಗರದ ವಿಶ್ವವಿದ್ಯಾಲಯ ತಂಡದ ಕಿರಿಯರ ವಿಭಾಗದಲ್ಲಿ ಗೋಲ್‌ಕೀಪರ್ ಆದ. ಹದಿನೇಳನೆಯ ವಯಸ್ಸಿಗೆ ಕ್ಷಯರೋಗ ತಗುಲಿ ಆಟ ನಿಂತಿತು. ನಿರೀಕ್ಷೆ ಮಾಡಿದ ಕಡೆಯಿಂದ ಚೆಂಡು ಎಂದೂ ಬರುವುದಿಲ್ಲ ಎನ್ನುವುದನ್ನು ಅಲ್ಲಿ ಕಲಿತೆ, ಅದು ಬದುಕಿನಲ್ಲಿ ಬಹಳ ಉಪಯೋಗಕ್ಕೆ ಬಂತು ಎಂದು ಆತ ನೆನೆದಿದ್ದಾನೆ.

ಆಟದಲ್ಲಿ ನಡೆದದ್ದೆಲ್ಲ ಸಾವಿರಾರು ಕಣ್ಣುಗಳ ಮುಂದೆ, ಹಾಡುಹಗಲಿನಲ್ಲಿ ನಡೆಯುತ್ತದೆ. ಆದರೂ ತಪ್ಪು ಯಾರದೆಂದು ನಮಗೆ ತಿಳಿಯುತ್ತದೆಯೇ? ನನ್ನ ಮೊದಲನೆಯ ಕಥೆ ಈ ವಿಚಾರದ್ದು.

ಒಂದು ಊರಿನಲ್ಲಿ ಕೋಟೆಬೀದಿ, ಪೇಟೆಬೀದಿ ಎಂದು ಎರಡು ತಂಡಗಳಿದ್ದವು. ಕೊನೆಯ ಪಂದ್ಯದಲ್ಲಿ ಪೇಟೆಬೀದಿಯವರು ಒಂದು ಗೋಲಿನಿಂದ ಸೋತರು. ಸಂಜೆ ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. "ಗೋಲ್‌ಕೀಪರ್ ಕೈಬಿಟ್ಟ, ಗೋಲಾಯಿತು. ಇದರಲ್ಲಿ ವಿಚಾರಿಸುವುದೇನಿದೆ?" ಎಂದರು ಎಲ್ಲರೂ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಊರಿಗೆ ಹಿರಿಯಳಾದ ಅಜ್ಜಿಯೊಬ್ಬಳು, "ಸಾಕ್ಷಿ ಕೇಳದೆ ತೀರ್ಪು ಕೊಡಬಾರದಪ್ಪ, ಚೆಂಡನ್ನು ಕರೆಸಿ" ಎಂದಳು. ಚೆಂಡು ಉರುಳಿಕೊಂಡು ಬಂತು.

"ಅಜ್ಜೀ, ನಾನು ಗೋಲಿಗೆ ಹೋದದ್ದು ಕಟ್ಟಕಡೆಗೆ. ಮೊದಲು ಇವರದೇ ಮುಂದಿನ ಸಾಲಿನ ಆಟಗಾರನ ಕಾಲಲ್ಲಿದ್ದೆ. ಪಕ್ಕದಲ್ಲಿದ್ದ ಗೆಳೆಯನಿಗೆ ನನ್ನನ್ನು ಕೊಡಬಹುದಿತ್ತು. ತಾನೊಬ್ಬನೇ ಹೆಸರು ಮಾಡಬೇಕೆಂದು ಇಟ್ಟುಕೊಂಡ, ಕಳೆದುಕೊಂಡ. ಕಳೆದುಕೊಂಡ ಮೇಲಾದರೂ ಹಿಂದೆ ಓಡಿಬಂದನೇ? ಸೊಂಟದ ಮೇಲೆ ಕೈಯಿಟ್ಟು ನಿಂತ. ನಡುವಿನವನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಹಿಂದಿನ ಇಬ್ಬರು ನೀನು ಹೋಗು, ನೀನು ಹೋಗು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಬಲಗಡೆ ಆಡಬೇಕಾದ ಒಳ್ಳೆಯ ಹುಡುಗ ಮನೆಯಲ್ಲಿದ್ದ, ಅವನ ಜಾಗದಲ್ಲಿ ಕಾರ್ಯದರ್ಶಿಗಳ ಅಳಿಯ ಆಡುತ್ತಿದ್ದ. ಗೋಲಿನ ಮುಂದೆ ಒಂದು ಗುಂಡಿ. ಅದನ್ನು ಮುಚ್ಚಿಸಲು ಎತ್ತಿದ ಚಂದಾ ಎಲ್ಲಿ ಹೋಯಿತೋ ನಾನರಿಯೆ. ಆ ಗುಂಡಿಗೆ ಬಿದ್ದು ಪುಟಿದಾಗ ನನ್ನ ದಾರಿ ತಪ್ಪಿತು. ಆಮೇಲೆ ಈ ಹುಡುಗನ ಕೈ ತಪ್ಪಿತು" ಎಂದಿತು.

ಕಟ್ಟೆಯ ಮೇಲೆ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಕಾರ್ಯದರ್ಶಿಗಳು ಎದ್ದು ನಿಂತು, "ಈ ಚೆಂಡಿಗೆ ಗಾಳಿ ಜಾಸ್ತಿಯಾಗಿದೆ" ಎಂದರು. ಚೆಂಡಿನ ಗಾಳಿ ತೆಗೆಸಲಾಯಿತು. ಗೋಲ್‌ಕೀಪರನನ್ನು ತಂಡದಿಂದ ತೆಗೆಯಲಾಯಿತು.

ಹುಡುಗರು ಈ ಕಥೆಗೆ ನಗುತ್ತಾರೆ. ಆದರೆ ನಗುವ ಸಂಗತಿಯಲ್ಲ ಎನ್ನುವುದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಯಿದೆ. 1950ರಲ್ಲಿ ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ ನಡೆಯಿತು. ರಿಯೋ ಡಿ ಜನೈರೋ ನಗರದಲ್ಲಿ ಅದಕ್ಕೆಂದೇ ಮರಕಾನಾ ಎಂಬ ಭಾರಿ ಕ್ರೀಡಾಂಗಣ ಕಟ್ಟಿದ್ದರು. ಜುಲೈ 16ರಂದು ಕೊನೆಯ ಪಂದ್ಯ, ಎದುರಾಳಿ ಪಕ್ಕದ ಪುಟ್ಟ ದೇಶ ಉರುಗ್ವೆ. ಸೇರಿದ್ದ ಜನ ಸುಮಾರು 2 ಲಕ್ಷ. ಅಂಕಗಳ ಲೆಕ್ಕದಲ್ಲಿ ಬ್ರೆಜಿಲ್‌ಗೆ ಗೆಲುವೂ ಬೇಕಿರಲಿಲ್ಲ, ಪಂದ್ಯ ಸಮವಾದರೆ ಸಾಕಾಗಿತ್ತು. ಅದಕ್ಕೆ ಹಿಂದಿನ ಎರಡು ಪಂದ್ಯಗಳಲ್ಲಿ ಸ್ವೀಡನ್‌ಗೆ ಏಳು, ಸ್ಪೇನ್‌ಗೆ ಆರು ಗೋಲು ಹೊಡೆದ ತಂಡ ಅದು. ಪಂದ್ಯಕ್ಕೆ ಮೊದಲೇ ಒಂದು ಪತ್ರಿಕೆ ತಂಡದ ಚಿತ್ರ ಹಾಕಿ ಇವರೇ ವಿಶ್ವವಿಜೇತರೆಂದು ಮುದ್ರಿಸಿಬಿಟ್ಟಿತ್ತು. ಆಟ ಶುರುವಾಗುವ ಮುಂಚೆಯೇ ನಗರದ ಮೇಯರು ವಿಜಯೋತ್ಸವದ ಭಾಷಣ ಮಾಡಿಬಿಟ್ಟಿದ್ದರು. ಮದುವೆಗೆ ಮೊದಲೇ ತೊಟ್ಟಿಲು ತಂದ ಹಾಗೆ!

ಬ್ರೆಜಿಲ್ ಮೊದಲು ಒಂದು ಗೋಲು ಹೊಡೆಯಿತು. ಉರುಗ್ವೆ ಅದನ್ನು ಸಮ ಮಾಡಿತು. ಪಂದ್ಯ ಮುಗಿಯಲು 11 ನಿಮಿಷವಿದ್ದಾಗ ಉರುಗ್ವೆಯ ಗಿಗ್ಗಿಯಾ ಎಂಬ ಆಟಗಾರ ಬಲಗಡೆಯಿಂದ ಚೆಂಡಿನೊಂದಿಗೆ ನುಗ್ಗಿದ. ತನ್ನನ್ನು ತಡೆಯಬೇಕಿದ್ದವನನ್ನು ದಾಟಿ ಬಂದ. ಸ್ವಲ್ಪ ಹೊತ್ತಿನ ಹಿಂದೆ ಇದೇ ದಾರಿಯಲ್ಲಿ ಬಂದು ಚೆಂಡನ್ನು ಗೋಲಿನ ನಡುವೆ ನಿಂತ ಜೊತೆಗಾರನಿಗೆ ತಳ್ಳಿದ್ದ, ಅದು ಗೋಲಾಗಿತ್ತು. ಈ ಸಲವೂ ಹಾಗೇ ಮಾಡುತ್ತಾನೆಂದು ಬ್ರೆಜಿಲ್‌ನ ಗೋಲ್‌ಕೀಪರ್ ಮೊಆಸಿರ್ ಬಾರ್ಬೋಸಾ ಒಂದು ಹೆಜ್ಜೆ ಆ ಕಡೆಗೆ ಸರಿದ. ಯೋಚಿಸಿ ಮಾಡಿದ ಕೆಲಸವೇ ಅದು. ಆದರೆ ಗಿಗ್ಗಿಯಾ ಚೆಂಡನ್ನು ನೇರವಾಗಿ, ಬಾರ್ಬೋಸಾನಿಗೂ ಹತ್ತಿರದ ಕಂಬಕ್ಕೂ ನಡುವಿನ ಕಿರಿದಾದ ಸಂದಿನಲ್ಲಿ ಹೊಡೆದ. ಕಮೂ ಹೇಳಿದಂತೆ, ಚೆಂಡು ನಿರೀಕ್ಷಿಸಿದ ಕಡೆಯಿಂದ ಬರಲಿಲ್ಲ. ಇಡೀ ಮರಕಾನಾ ಮಸಣದಂತೆ ಮೌನವಾಯಿತು.

ತಪ್ಪು ಯಾರದು? ಗಿಗ್ಗಿಯಾನನ್ನು ಎರಡೆರಡು ಸಲ ಬಿಟ್ಟವರದೋ? ಅಷ್ಟೆಲ್ಲ ಗೋಲು ಹೊಡೆಯುತ್ತ ಬಂದು ಆ ದಿನ ಒಂದೇ ಗೋಲಿಗೆ ತೃಪ್ತಿಪಟ್ಟ ಮುಂದಿನ ಸಾಲಿನವರದೋ? ಗೆದ್ದೇಬಿಟ್ಟೆವೆಂದು ಭಾಷಣ ಮಾಡಿದ ದೊಡ್ಡವರದೋ? ದೇಶ ಅಷ್ಟು ದೂರ ಯೋಚಿಸಲಿಲ್ಲ. ತಂಡದ ಬಿಳಿ ಅಂಗಿ ಅಪಶಕುನವೆಂದು ಬದಲಾಯಿಸಿದರು. ಈಗ ಜಗತ್ತಿಗೆಲ್ಲ ಗೊತ್ತಿರುವ ಹಳದಿ ಅಂಗಿ ಬಂದದ್ದು ಹಾಗೆ. ಹೆಚ್ಚಿನ ದೋಷವನ್ನು ಮೂವರು ಕಪ್ಪು ವರ್ಣದ ಆಟಗಾರರ ಮೇಲೆ, ಅವರಲ್ಲೂ ಬಾರ್ಬೋಸಾನ ಮೇಲೆ ಹೊರಿಸಿದರು. ಇಪ್ಪತ್ತು ವರ್ಷಗಳ ಮೇಲೂ ಅಂಗಡಿಯೊಂದರಲ್ಲಿ ಒಬ್ಬ ಹೆಂಗಸು ಅವನನ್ನು ಗುರುತಿಸಿ, ತನ್ನ ಚಿಕ್ಕ ಮಗನಿಗೆ, ಇಡೀ ಬ್ರೆಜಿಲನ್ನು ಅಳಿಸಿದ ಮನುಷ್ಯ ಇವನೇ ನೋಡು ಎಂದು ಬೆರಳಿಟ್ಟು ತೋರಿಸಿದಳಂತೆ. ತನ್ನ ಬಾಳಿನಲ್ಲಿ ಅದಕ್ಕಿಂತ ನೋವಿನ ಗಳಿಗೆ ಇರಲಿಲ್ಲವೆಂದು ಆತನೇ ಹೇಳಿಕೊಂಡಿದ್ದ. ನಮ್ಮ ದೇಶದ ಕಾನೂನಿನಲ್ಲಿ ಅತಿ ಹೆಚ್ಚಿನ ಶಿಕ್ಷೆ 30 ವರ್ಷ, ನಾನು ಮಾತ್ರ 50 ವರ್ಷದಿಂದ ಅನುಭವಿಸುತ್ತಿದ್ದೇನೆ ಎಂಬರ್ಥದ ಮಾತನ್ನು ಆಡಿ, 2000ನೆಯ ಇಸವಿಯ ಏಪ್ರಿಲ್‌ನಲ್ಲಿ ಬಾರ್ಬೋಸಾ ತೀರಿಕೊಂಡ.

ಆ ಅಂಗಡಿಯ ಹೆಂಗಸಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆಕೆ ದುಷ್ಟಳೇನೂ ಆಗಿರಲಾರಳು. ನಮ್ಮ ನಿಮ್ಮಂತೆ ಮಗನ ಕೈಹಿಡಿದು ಸಾಮಾನು ತರಲು ಬಂದವಳು. ತನಗೆ ನಿಜವೆಂದು ತೋರಿದ್ದನ್ನೇ ಮಗನಿಗೆ ತೋರಿಸಿದಳು. ದುಃಖಕ್ಕೆ ಒಂದು ಮುಖ ಬೇಕಾಗುತ್ತದೆ. ಹತ್ತಾರು ಜನ, ಹತ್ತಾರು ಕಾರಣ ಸೇರಿ ಆದ ನಷ್ಟವನ್ನು ಮನಸ್ಸು ಹಿಡಿದಿಟ್ಟುಕೊಳ್ಳಲಾರದು. ಬಲೆಯೊಳಗೆ ಬಿದ್ದ ಚೆಂಡಿನ ಪಕ್ಕದಲ್ಲಿ ಮೊಣಕಾಲೂರಿ ಕುಳಿತವನ ಚಿತ್ರವಾದರೆ ಕಣ್ಣಿಗೆ ಕಟ್ಟುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದೂ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದೂ ನಮ್ಮ ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ.

ಇದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯೆಂಬ ಮೈದಾನದಲ್ಲಿ ಕಂಬಗಳ ನಡುವೆ ನಿಂತವರು ಯಾರು? ವಯಸ್ಸಾದ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರೆ ಬಂದವರೆಲ್ಲ ಕೇಳುವ ಮೊದಲ ಮಾತು, "ಆಗ ಸೊಸೆ ಎಲ್ಲಿದ್ದಳು?" ಬಚ್ಚಲ ಪಾಚಿ ತೆಗೆಸಿ, ಗೋಡೆಗೆ ಹಿಡಿಕೆ ಹಾಕಿಸೋಣವೆಂದು ಅವಳು ಆರು ತಿಂಗಳಿಂದ ಹೇಳುತ್ತಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಮಗ ಕೆಟ್ಟ ಸಹವಾಸಕ್ಕೆ ಬಿದ್ದರೆ ತಾಯಿಯ ಮುದ್ದು ಹೆಚ್ಚಾಯಿತು ಎನ್ನುತ್ತಾರೆ. ಮಗಳು ತವರಿಗೆ ತಿರುಗಿ ಬಂದರೆ ತಾಯಿ ಸರಿಯಾಗಿ ತಿದ್ದಲಿಲ್ಲ ಎನ್ನುತ್ತಾರೆ. ಗೋಲ್‌ಕೀಪರ್ ತಡೆದ ಚೆಂಡುಗಳನ್ನು ಗೋಲಿನ ಫಲಕದಲ್ಲಿ ಬರೆಯುವುದಿಲ್ಲ, ಬಿಟ್ಟದ್ದನ್ನು ಮಾತ್ರ ಬರೆಯುತ್ತಾರೆ. ಹಾಗೆಯೇ ಅತ್ತೆ ಬೀಳದೆ ಇದ್ದ ಸಾವಿರ ದಿನಗಳಿಗೆ ಲೆಕ್ಕವಿಲ್ಲ, ಬಿದ್ದ ಒಂದು ದಿನಕ್ಕೆ ಲೆಕ್ಕವುಂಟು.

ಶಾಲೆಗಳಲ್ಲಿಯೂ ಇದೇ ನ್ಯಾಯ. ಎಸ್.ಎಸ್.ಎಲ್.ಸಿ. ಫಲಿತಾಂಶ ಕಡಿಮೆಯಾದರೆ ನೋಟೀಸು ಬರುವುದು ಹತ್ತನೆಯ ತರಗತಿಯ ಮೇಷ್ಟ್ರಿಗೆ, ಟೀಚರಿಗೆ. ಮೂರನೆಯ ತರಗತಿಯಲ್ಲಿ ಓದಲು ಬಾರದೆ ಮುಂದೆ ಹೋದ ಮಗು, ಐದರಲ್ಲಿ ತಂಗಿಯನ್ನು ಆಡಿಸಲು ಮನೆಯಲ್ಲಿ ಉಳಿದ ಮಗು, ಏಳರಲ್ಲಿ ವರ್ಷವಿಡೀ ಗಣಿತಕ್ಕೆ ಅಧ್ಯಾಪಕರೇ ಇಲ್ಲದೆ ಕಳೆದ ಮಗು, ಇಷ್ಟು ಕಾಲುಗಳನ್ನು ದಾಟಿಕೊಂಡೇ ಆ ಚೆಂಡು ಹತ್ತನೆಯ ತರಗತಿಯ ಬಲೆಯ ಹತ್ತಿರ ಬಂದಿರುತ್ತದೆ. ಬಲೆ ಅಲ್ಲಾಡಿದಾಗ ಹತ್ತಿರ ನಿಂತವರು ಮಾತ್ರ ಕಾಣಿಸುತ್ತಾರೆ.

ಹೀಗೆ ದೂಷಿಸುವುದರಿಂದ ಒಬ್ಬರಿಗೆ ಅನ್ಯಾಯವಾಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಇಡೀ ತಂಡದ ಗುಣವೇ ಕೆಡುತ್ತದೆ. ಅದಕ್ಕೆ ಎರಡನೆಯ ಕಥೆ.

ಒಂದು ತಂಡದಲ್ಲಿ ಹಿಂದಿನ ಸಾಲಿನ ಆಟಗಾರರು ಇಬ್ಬರಿದ್ದರು. ಒಬ್ಬನ ಹೆಸರು ಸೋಮ, ಇನ್ನೊಬ್ಬನ ಹೆಸರು ಭೀಮ. ಅಪಾಯದ ಚೆಂಡು ಬಂದಾಗಲೆಲ್ಲ ಭೀಮ ಹಾರಿ ಬಿದ್ದು ಕಾಲು ಚಾಚುತ್ತಿದ್ದ. ಹತ್ತು ಸಲ ತಡೆಯುತ್ತಿದ್ದ, ಒಂದು ಸಲ ಚೆಂಡು ಅವನ ಕಾಲಿಗೆ ತಾಗಿ ಸ್ವಂತ ಗೋಲಿಗೇ ಹೋಗುತ್ತಿತ್ತು. ಸೋಮ ಬಹಳ ಎಚ್ಚರದವನು. ಅಪಾಯದ ಚೆಂಡು ಕಂಡರೆ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಗೋಲಾದರೆ ಬೇರೆಯವರ ಲೆಕ್ಕಕ್ಕೆ ಹೋಗುತ್ತಿತ್ತು. ವರ್ಷದ ಕೊನೆಯಲ್ಲಿ ತಂಡದವರು ತಪ್ಪುಗಳ ಪುಸ್ತಕ ತೆಗೆದು ನೋಡಿದರು. ಭೀಮನ ಹೆಸರಿನ ಮುಂದೆ ಮೂರು ತಪ್ಪು, ಸೋಮನ ಹೆಸರಿನ ಮುಂದೆ ಸೊನ್ನೆ. ಸೋಮನಿಗೆ ಶಾಲು ಹೊದಿಸಿ, ಹಾರ ಹಾಕಿ, ತಪ್ಪು ಮಾಡದ ಆಟಗಾರ ಎಂಬ ಬಿರುದು ಕೊಟ್ಟರು. ಭೀಮನಿಗೆ ಎಚ್ಚರಿಕೆಯ ಪತ್ರ ಹೋಯಿತು. ಮುಂದಿನ ವರ್ಷ ಆ ತಂಡದಲ್ಲಿ ಯಾರೂ ಕಾಲು ಚಾಚಲಿಲ್ಲ. ತಪ್ಪುಗಳ ಪುಸ್ತಕ ಖಾಲಿಯಿತ್ತು, ಬಲೆ ತುಂಬಿತ್ತು.

ಈ ಭೀಮನೂ ನಿಜವಾಗಿ ಒಬ್ಬನಿದ್ದ. ದಕ್ಷಿಣ ಅಮೆರಿಕಾದ ಕೊಲಂಬಿಯಾ ದೇಶದ ಆಂದ್ರೆಸ್ ಎಸ್ಕೋಬಾರ್. 1994ರ ವಿಶ್ವಕಪ್ ಅಮೆರಿಕಾದಲ್ಲಿ ನಡೆದಾಗ ಕೊಲಂಬಿಯಾ ಗೆಲ್ಲಬಹುದೆಂದು ಆಟ ಬಲ್ಲ ಹಲವರು ಹೇಳಿದ್ದರು. ಆದರೆ ಮೊದಲ ಪಂದ್ಯದಲ್ಲಿಯೇ ಅದು ಸೋತಿತು. ಎರಡನೆಯ ಪಂದ್ಯಕ್ಕೆ ಮೊದಲು ತಂಡಕ್ಕೆ ಕೊಲೆಬೆದರಿಕೆಗಳು ಬಂದವು. ಜೂನ್ 22ರಂದು ಅಮೆರಿಕಾದ ಎದುರು ಆಡುವಾಗ, ಎಡಗಡೆಯಿಂದ ಅಡ್ಡ ಬಂದ ಒಂದು ಚೆಂಡನ್ನು ತಡೆಯಲು ಎಸ್ಕೋಬಾರ್ ಜಾರಿಬಿದ್ದು ಕಾಲು ಚಾಚಿದ. ಚೆಂಡು ಕಾಲಿಗೆ ತಾಗಿ ತನ್ನ ತಂಡದ ಗೋಲಿಗೇ ಹೋಯಿತು. ಅವನು ಸುಮ್ಮನೆ ನಿಂತಿದ್ದರೆ ಚೆಂಡು ಎದುರಾಳಿಗೆ ಸಿಕ್ಕಿ ಗೋಲಾಗುತ್ತಿತ್ತೋ ಏನೋ. ಆದರೆ ಆಗ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕೊಲಂಬಿಯಾ 2-1ರಿಂದ ಸೋತಿತು. ಊರಿಗೆ ಮರಳಿದ ಎಸ್ಕೋಬಾರ್ ಪತ್ರಿಕೆಯೊಂದರಲ್ಲಿ, ಬದುಕು ಇಲ್ಲಿಗೆ ಮುಗಿಯುವುದಿಲ್ಲ ಎಂದು ಬರೆದ. ಜುಲೈ 2ರ ನಸುಕಿನಲ್ಲಿ, ಅವನ ಸ್ವಂತ ಊರಾದ ಮೆಡೆಲಿನ್‌ನಲ್ಲಿ, ಆ ಗೋಲಿನ ಮಾತೆತ್ತಿ ಜಗಳ ತೆಗೆದವರು ಅವನನ್ನು ಗುಂಡಿಟ್ಟು ಕೊಂದರು. ಅವನಿಗೆ 27 ವರ್ಷ. ಗುಂಡು ಹಾರಿಸಿದವನಿಗೆ ನ್ಯಾಯಾಲಯ 43 ವರ್ಷಗಳ ಶಿಕ್ಷೆ ಕೊಟ್ಟಿತು. ಆತ 2005ರಲ್ಲಿಯೇ ಬಿಡುಗಡೆಯಾಗಿ ಹೊರಬಂದ. ಕೊಂದವನಿಗೆ ಹನ್ನೊಂದು ವರ್ಷ, ಒಂದು ಗೋಲು ಬಿಟ್ಟ ಬಾರ್ಬೋಸಾನಿಗೆ ಐವತ್ತು ವರ್ಷ. ಇದು ಲೋಕದ ತಕ್ಕಡಿ.

ಇಲ್ಲಿಯವರೆಗೆ ಓದಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಹಾಗಾದರೆ ಯಾರದೂ ತಪ್ಪಿಲ್ಲವೇ? ಹಿಂದೆ ಹಿಂದೆ ಹುಡುಕಿಕೊಂಡು ಹೋದರೆ ಪ್ರತಿಯೊಂದು ತಪ್ಪಿಗೂ ಇನ್ನೊಬ್ಬರು ಸಿಗುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ, ನೆಲ ಹಾಕಿದವನು ಮರಳು ಸರಿಯಿಲ್ಲ ಎನ್ನುತ್ತಾನೆ. ಎಲ್ಲರ ತಪ್ಪು ಎಂದರೆ ಯಾರ ತಪ್ಪೂ ಅಲ್ಲ ಎಂದಾಗಿಬಿಡುವುದಿಲ್ಲವೇ? ಇದು ಹಗುರವಾದ ಪ್ರಶ್ನೆಯಲ್ಲ. ನನ್ನ ಮೊದಲನೆಯ ಕಥೆಯನ್ನು ಕೇಳಿದ ಹುಡುಗರಿಗೆ ಮರುದಿನವೇ ಅದು ಅನುಕೂಲಕ್ಕೆ ಬಂದುಬಿಡುತ್ತದೆ. ಮನೆಗೆಲಸ ಏಕೆ ಮಾಡಲಿಲ್ಲ ಎಂದರೆ ಕರೆಂಟು, ತಮ್ಮ, ನೆಂಟರು, ಮಳೆ ಎಂದು ಚೆಂಡಿನ ದಾರಿಯನ್ನು ವರ್ಣಿಸುತ್ತಾರೆ. ಆಗ ನಾನು ಮೂರನೆಯ ಕಥೆ ಹೇಳಬೇಕಾಗುತ್ತದೆ.

ಅರಳಿಕಟ್ಟೆಯ ಪಂಚಾಯಿತಿಯಾದ ಮೇಲೆ ಪೇಟೆಬೀದಿಯ ತಂಡಕ್ಕೆ ಹೊಸ ಗೋಲ್‌ಕೀಪರ್ ಬಂದ. ಬುದ್ಧಿವಂತ. ಚೆಂಡು ಹೇಳಿದ ಸಾಕ್ಷ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದ. ಗೋಲಾದಾಗಲೆಲ್ಲ ಕೈಕಟ್ಟಿ ನಿಂತು, ಮುಂದಿನವನು ಚೆಂಡು ಕಳೆದ, ನಡುವಿನವನು ದಾರ ಕಟ್ಟಿದ, ನೆಲದಲ್ಲಿ ಗುಂಡಿಯಿತ್ತು ಎಂದು ಒಪ್ಪಿಸುತ್ತಿದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಾಗಿ ಯಾರಿಗೂ ಎದುರಾಡಲು ಬರಲಿಲ್ಲ. ಗೋಲುಗಳು ಆಗುತ್ತಲೇ ಹೋದವು. ಕೊನೆಗೆ ಮೂಲೆಯಲ್ಲಿ ಗಾಳಿಯಿಲ್ಲದೆ ಬಿದ್ದಿದ್ದ ಹಳೆಯ ಚೆಂಡನ್ನು ಅಜ್ಜಿ ಎತ್ತಿಕೊಂಡು ಬಂದು ಕೇಳಿದಳು, "ಇವನೂ ನಿನ್ನ ಮಾತನ್ನೇ ಹೇಳುತ್ತಿದ್ದಾನಲ್ಲ, ನೀನು ಏನನ್ನುತ್ತಿ?" ಚೆಂಡು ಕ್ಷೀಣವಾದ ದನಿಯಲ್ಲಿ, "ಅಜ್ಜೀ, ಆ ಮಾತನ್ನು ಕಟ್ಟೆಯ ಮೇಲೆ ಕೂತವರು ಆಡಬೇಕಿತ್ತು. ಆ ಹುಡುಗ ತನ್ನ ಬಾಯಿಂದ ಒಮ್ಮೆಯೂ ಆಡಿರಲಿಲ್ಲ. ಅದಕ್ಕೇ ಅವನ ಪರವಾಗಿ ನಾನು ಆಡಿದೆ" ಎಂದಿತು.

ಇದೇ ನಾನು ಹೇಳಬೇಕೆಂದಿರುವುದು. ಮಾತು ಒಂದೇ ಇರಬಹುದು, ಯಾರ ಬಾಯಲ್ಲಿ ಬಂತು ಎನ್ನುವುದರ ಮೇಲೆ ಅದು ನ್ಯಾಯವೂ ಆಗಬಹುದು, ನೆಪವೂ ಆಗಬಹುದು. ನಾಲ್ಕು ಜನ ಕಾರಣರೆಂದು ನೋಡುವವರು ಹೇಳಿದರೆ ಅದು ನ್ಯಾಯ. ಮಾಡಿದವರೇ ಹೇಳಿಕೊಂಡರೆ ಅದು ಬಹಳ ಸಲ ನೆಪ. ಆದ್ದರಿಂದ ಬೇರೆಯವರ ತಪ್ಪನ್ನು ತೂಗುವಾಗ ಚೆಂಡು ಹೊರಟ ಕಡೆಯಿಂದ ಎಣಿಸುತ್ತ ಬರಬೇಕು. ನಮ್ಮ ತಪ್ಪನ್ನು ತೂಗುವಾಗ ಚೆಂಡು ಹೊಕ್ಕ ಕಡೆಯಿಂದ, ಅಂದರೆ ನಮ್ಮ ಕೈಯಿಂದ, ಎಣಿಸಲು ಶುರು ಮಾಡಬೇಕು. ಸಾಮಾನ್ಯವಾಗಿ ನಾವೆಲ್ಲ ಮಾಡುವುದು ಇದರ ತಿರುವುಮುರುವು.

ಎಣಿಕೆಯ ಈ ಎರಡು ಬಗೆಯನ್ನೂ ಫುಟ್‌ಬಾಲ್ ಮೈದಾನ ಕಂಡಿದೆ. 2009ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಗೂ ಐರ್ಲೆಂಡಿಗೂ ಪಂದ್ಯ. ಗೆದ್ದವರಿಗೆ ಮುಂದಿನ ವರ್ಷದ ವಿಶ್ವಕಪ್‌ಗೆ ಪ್ರವೇಶ. ಫ್ರಾನ್ಸಿನ ಹೆಸರಾಂತ ಆಟಗಾರ ಥಿಯರಿ ಹೆನ್ರಿ ಚೆಂಡನ್ನು ಕೈಯಿಂದ ತಡೆದು ಜೊತೆಗಾರನಿಗೆ ತಳ್ಳಿದ. ಗೋಲಾಯಿತು. ರೆಫರಿ ನೋಡಲಿಲ್ಲ. ಪಂದ್ಯ ಮುಗಿದ ಮೇಲೆ ಆತ ಕೈ ತಾಗಿದ್ದನ್ನು ಒಪ್ಪಿಕೊಂಡ, ಆದರೆ ತಾನು ರೆಫರಿಯಲ್ಲವಲ್ಲ ಎಂದ. ಮಾತು ಸುಳ್ಳಲ್ಲ. ನೋಡಬೇಕಾದವನು ನೋಡಲಿಲ್ಲ ನಿಜ. ಆದರೂ ಆ ಮಾತು ಕೇಳಿದಾಗ ನಮಗೇಕೆ ಕಸಿವಿಸಿಯಾಗುತ್ತದೆ? ಎಣಿಕೆಯನ್ನು ಅವನು ತನ್ನ ಕೈಯಿಂದ ಶುರು ಮಾಡದೆ ರೆಫರಿಯ ಕಣ್ಣಿನಿಂದ ಶುರು ಮಾಡಿದ.

ಇದಕ್ಕೆ ಹನ್ನೆರಡು ವರ್ಷ ಮುಂಚೆ, 1997ರ ಮಾರ್ಚ್‌ನಲ್ಲಿ, ಲಂಡನ್ನಿನಲ್ಲಿ ಆರ್ಸೆನಲ್ ತಂಡಕ್ಕೂ ಲಿವರ್‌ಪೂಲ್ ತಂಡಕ್ಕೂ ಪಂದ್ಯ ನಡೆಯಿತು. ಲಿವರ್‌ಪೂಲ್‌ನ ರಾಬಿ ಫೌಲರ್ ಎದುರಾಳಿ ಗೋಲ್‌ಕೀಪರನ ಮುಂದೆ ಬಿದ್ದ. ಗೋಲ್‌ಕೀಪರ್ ಬೀಳಿಸಿದನೆಂದು ರೆಫರಿ ಪೆನಾಲ್ಟಿ ಕೊಟ್ಟ. ಕೊಟ್ಟವನು ರೆಫರಿ, ಲಾಭ ತನ್ನ ತಂಡಕ್ಕೆ, ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಫೌಲರ್ ಎದ್ದುನಿಂತು ಕೈಯಾಡಿಸುತ್ತ, ಅವನು ನನ್ನನ್ನು ಮುಟ್ಟಲಿಲ್ಲ ಎಂದ. ರೆಫರಿ ತೀರ್ಪು ಬದಲಿಸಲಿಲ್ಲ. ಫೌಲರನೇ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದ, ಪುಟಿದು ಬಂದ ಚೆಂಡನ್ನು ಇನ್ನೊಬ್ಬ ಒಳಗೆ ಹೊಡೆದ, ಲಿವರ್‌ಪೂಲ್ ಗೆದ್ದಿತು. ನೀತಿಕಥೆಯಾಗಿದ್ದರೆ ಸತ್ಯ ಹೇಳಿದ್ದರಿಂದ ಲೋಕವೇ ತಿದ್ದಿಕೊಳ್ಳಬೇಕಿತ್ತು. ನಿಜಜೀವನದಲ್ಲಿ ಹಾಗಾಗಲಿಲ್ಲ, ಫಲಿತಾಂಶ ಇದ್ದಂತೆಯೇ ಇತ್ತು. ಆದರೂ ಆ ದಿನದ ಗೋಲನ್ನು ಮರೆತವರೂ ಆ ಕೈಯಾಡಿಸಿದ್ದನ್ನು ನೆನಪಿಟ್ಟಿದ್ದಾರೆ. ಸತ್ಯ ಹೇಳಿದ್ದಕ್ಕೆ ಫಲ ಸಿಗುತ್ತದೆಂದು ಮಕ್ಕಳಿಗೆ ಹೇಳುವುದನ್ನು ನಾನು ಈಚೆಗೆ ಕಡಿಮೆ ಮಾಡಿದ್ದೇನೆ. ಫಲ ಸಿಗದಿದ್ದರೂ ಹೇಳಬೇಕಾದದ್ದನ್ನು ಹೇಳಿ ಎನ್ನುತ್ತೇನೆ.

ಆದರೆ ಮಕ್ಕಳು, ಸೊಸೆಯಂದಿರು, ಮೇಷ್ಟ್ರುಗಳು ತಮ್ಮ ತಪ್ಪನ್ನು ತಾವಾಗಿ ಒಪ್ಪಬೇಕಾದರೆ ಕಟ್ಟೆಯ ಮೇಲೆ ಕೂತವರು ಮೊದಲು ಬದಲಾಗಬೇಕು. ಒಪ್ಪಿಕೊಂಡ ಕೂಡಲೆ ಇಡೀ ಸೋಲನ್ನು ತಲೆಗೆ ಕಟ್ಟುತ್ತಾರೆಂದು ಗೊತ್ತಿದ್ದರೆ ಯಾರು ತಾನೇ ಬಾಯಿಬಿಡುತ್ತಾರೆ? ನನ್ನ ಪಾಲಿನದು ಇಷ್ಟು ಎಂದು ಒಬ್ಬಳು ಧೈರ್ಯವಾಗಿ ಹೇಳುವುದಕ್ಕೆ, ಉಳಿದದ್ದು ನಮ್ಮ ಪಾಲಿನದು ಎನ್ನುವ ಜನ ಸುತ್ತ ಇರಬೇಕು. ಅತ್ತೆ ಬಿದ್ದಾಗ, "ನಾನು ಆ ಹೊತ್ತಿಗೆ ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದೆ, ಕೂಗು ಕೇಳಿಸಲಿಲ್ಲ" ಎಂದು ಸೊಸೆ ಹೇಳಬೇಕು. "ಹಿಡಿಕೆ ಹಾಕಿಸಬೇಕಾದವನು ನಾನು, ಮುಂದೂಡಿದೆ" ಎಂದು ಮಗ ಹೇಳಬೇಕು. ಎರಡು ಮಾತೂ ಒಂದೇ ಕೋಣೆಯಲ್ಲಿ ಕೇಳಿಬಂದ ಮನೆ ಪುಣ್ಯದ ಮನೆ.

ಬ್ರೆಜಿಲ್‌ನ ಕಥೆಗೆ ಒಂದು ಉತ್ತರಕಾಂಡವಿದೆ. 2014ರಲ್ಲಿ ವಿಶ್ವಕಪ್ ಮತ್ತೆ ಆ ದೇಶಕ್ಕೆ ಬಂತು. ಜುಲೈ 8ರಂದು ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲನ್ನು 7-1ರಿಂದ ಸೋಲಿಸಿತು. ಏಳು ಗೋಲು! ಆ ದಿನ ಗೋಲ್‌ಕೀಪರನೊಬ್ಬನ ಮೇಲೆ ದೋಷ ಹೊರಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಸೋಲು ಅಷ್ಟು ದೊಡ್ಡದಾದಾಗ ಮಾತ್ರ ಜನರಿಗೆ ಹನ್ನೊಂದು ಮಂದಿಯೂ, ಅವರ ಹಿಂದೆ ನಿಂತ ಅಧಿಕಾರಿಗಳೂ ಕಣ್ಣಿಗೆ ಬಿದ್ದರು. ಆಗ ಅವರಿಗೆ ಬಾರ್ಬೋಸಾನ ನೆನಪಾಯಿತು. ರಿಯೋ ನಗರದ ಪತ್ರಿಕೆಯೊಂದು 1950ರ ತಂಡಕ್ಕೆ ಅಭಿನಂದನೆ ಹೇಳಿತು. ಬಾರ್ಬೋಸಾನಿಗೆ ಕೊನೆಗೂ ಬಿಡುಗಡೆಯಾಯಿತೆಂದು ಅನೇಕರು ಬರೆದರು.

ಬಿಡುಗಡೆಯ ಹೊತ್ತಿಗೆ ಆತ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ನಮ್ಮ ಕಡೆಯೂ ಹೀಗೇ. ಬದುಕಿದ್ದಷ್ಟು ದಿನ ಯಾವುದೋ ಒಂದು ಹಳೆಯ ಮಾತಿಗೆ, ಒಂದು ಕೈತಪ್ಪಿಗೆ ಬೆರಳು ತೋರಿಸಿಸಿಕೊಂಡ ಹೆಂಗಸಿಗೆ ಹದಿಮೂರನೆಯ ದಿನದ ಊಟದ ಪಂಕ್ತಿಯಲ್ಲಿ, "ಪಾಪ, ಎಷ್ಟೊಂದು ಸಹಿಸಿಕೊಂಡಳು, ಅವಳೊಬ್ಬಳದೇ ತಪ್ಪಾಗಿರಲಿಲ್ಲ ಬಿಡಿ" ಎಂಬ ತೀರ್ಪು ಸಿಗುತ್ತದೆ. ಆ ತೀರ್ಪನ್ನು ಎಲೆಯ ಮುಂದೆ ಕೂತು ಕೊಡುವ ಬದಲು, ಅವಳು ಇನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವಾಗ, ಚೆಂಡು ಎಲ್ಲಿಂದ ಬಂತು ಎಂದು ಒಂದು ಮಾತು ಕೇಳಿದರೆ ಆಗದೆ?